ಬಲೂನಿನಲ್ಲಿ ಅಳೆದ ಹತ್ತೊಂಬತ್ತು ಮಹಡಿ

ನಮ್ಮ ಬೀದಿಯಲ್ಲಿ ಹತ್ತೊಂಬತ್ತು ಮಹಡಿಯ ಕಟ್ಟಡ ಬರುತ್ತದೆ ಎಂಬ ಸುದ್ದಿಯನ್ನು ಮನೆಗೆ ತಂದವರು ನಮ್ಮತ್ತೆ. ಅವರು ಚಾಮರಾಜನಗರದ ಕಡೆಯಿಂದ ಬಂದು ಮೈಲಾಪೂರಿನಲ್ಲಿ ನಮ್ಮ ಜೊತೆ ಇರತೊಡಗಿ ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ. ತಮಿಳು ಓದಲು ಬರುತ್ತಿರಲಿಲ್ಲ. ಬೆಳಗ್ಗೆ ಸೊಪ್ಪು ತರಲು ಹೋದವರು, ಎದುರು ಸೈಟಿನ ತಗಡಿನ ಬೇಲಿಗೆ ಹೊಸದಾಗಿ ಹೊಡೆದಿದ್ದ ಬೋರ್ಡಿನ ಮುಂದೆ ನಿಂತು, ಅದರ ಚಿತ್ರದಲ್ಲಿದ್ದ ಕಿಟಕಿಗಳನ್ನು ಕೆಳಗಿನಿಂದ ಮೇಲಕ್ಕೆ ಬೆರಳು ತೋರಿಸಿ ಎಣಿಸಿಕೊಂಡು ಬಂದಿದ್ದರು.

“ಹತ್ತೊಂಬತ್ತು ಅಂತಸ್ತು ಕನವ್ವ,” ಅಂದರು. “ಮೊದಲನೇ ಸಲ ಹದಿನೆಂಟು ಬಂತು. ಎಲ್ಲೋ ಒಂದು ಬುಟ್ಟೋಗಿತ್ತು. ಅದಕ್ಕೇ ಇನ್ನೊಂದ್ಸಲ ಎಣಿಸ್ದೆ.”

ನಾನು ನುಂಗಂಬಾಕ್ಕಂನ ಶಾಲೆಯೊಂದರಲ್ಲಿ ಗಣಿತದ ಟೀಚರ್. ಬಸ್ಸಿಗೆ ಹೊತ್ತಾಗಿತ್ತು, ಅವರ ಮಾತನ್ನು ಅರ್ಧ ಕೇಳಿಸಿಕೊಂಡು ಓಡಿದೆ. ಸಂಜೆ ವಾಪಸು ಬರುವಾಗ ಬೋರ್ಡು ನೋಡಿದರೆ ಅತ್ತೆಯ ಲೆಕ್ಕ ಸರಿಯಾಗಿತ್ತು. ಕೆಳಗೆ ಕಾರು ನಿಲ್ಲಿಸುವ ಒಂದು ಅಂತಸ್ತು, ಅದರ ಮೇಲೆ ಹತ್ತೊಂಬತ್ತು. ಚಿತ್ರದಲ್ಲಿ ಆಕಾಶ ತಿಳಿನೀಲಿಯಾಗಿತ್ತು, ನಮ್ಮ ಬೀದಿಯಲ್ಲಿ ಎಂದೂ ಇರದಿದ್ದ ಮರಗಳು ಸಾಲಾಗಿ ನಿಂತಿದ್ದವು. ನಮ್ಮ ಕಟ್ಟಡ ಮಾತ್ರ ಕಾಣಲಿಲ್ಲ. ನಾವಿರಬೇಕಾದ ಜಾಗದಲ್ಲಿ ಚೆಂದದ ಹುಲ್ಲು ಬೆಳೆದಿತ್ತು. ನಾನು ಅಲ್ಲೇ ಬೀದಿಯಲ್ಲಿ ನಿಂತು ನಕ್ಕುಬಿಟ್ಟೆ. ಮೂರು ಮಹಡಿ, ಒಂಬತ್ತು ಮನೆ, ಅಷ್ಟು ಜನರ ಬಟ್ಟೆ ಬರೆ ಪಾತ್ರೆ ಪಡಗವನ್ನೆಲ್ಲ ಯಾರೋ ಕಂಪ್ಯೂಟರಿನಲ್ಲಿ ಒಂದೇ ಸಲ ಒರೆಸಿ ಹುಲ್ಲು ಹಾಕಿದ್ದರು.

ಎದುರಿಗೆ ಮೊದಲು ತೋಟವಿದ್ದ ಹಳೆಯ ಬಂಗಲೆಯಿತ್ತು. ಅದನ್ನು ಹಿಂದಿನ ವರ್ಷ ಕೆಡವಿದ್ದರು. ನಮ್ಮದು ಇಕ್ಕಟ್ಟಿನ ಬೀದಿ. ಕಸದ ಲಾರಿ ಬಂದರೆ ಸ್ಕೂಟರುಗಳು ಗೇಟಿನೊಳಗೆ ನುಗ್ಗಿ ದಾರಿ ಕೊಡಬೇಕು. ಇಂಥ ಬೀದಿಯಲ್ಲಿ ಅಷ್ಟೆತ್ತರ ಕಟ್ಟಲು ಬಿಡುವುದಿಲ್ಲ ಎಂದು ಎಲ್ಲರೂ ನಂಬಿದ್ದೆವು. ಆದರೆ ಕಟ್ಟಡ ಕಟ್ಟುವ ಕಂಪನಿಯವರು ಬಂಗಲೆಯ ಬೆನ್ನಿಗಿದ್ದ, ದೊಡ್ಡ ರಸ್ತೆಗೆ ಮುಖ ಮಾಡಿದ್ದ ಮನೆಯನ್ನೂ ಕೊಂಡು ಎರಡು ಸೈಟನ್ನು ಒಂದು ಮಾಡಿದ್ದರು. ಹಾಗಾಗಿ ಕಾಗದದ ಮೇಲೆ ಕಟ್ಟಡದ ವಿಳಾಸ ದೊಡ್ಡ ರಸ್ತೆಯದು. ಕಾರುಗಳು ಹೊರಬರುವ ಗೇಟು ಮಾತ್ರ ನಮ್ಮ ಕಡೆಗೆ. ಸಮುದ್ರವೂ ಆ ಸೈಟಿನ ದಿಕ್ಕಿಗೇ ಇತ್ತು. ಮಧ್ಯಾಹ್ನ ಒಂದು ಗಂಟೆಗೆ ಬರುವ ಗಾಳಿ ಆ ಖಾಲಿ ಸೈಟಿನ ಮೇಲಿಂದಲೇ ನಮ್ಮ ಕಿಟಕಿಗಳಿಗೆ ಬರಬೇಕು.

ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ ನಮ್ಮ ಮೇಲಿನ ಮನೆಯವರು. ರೈಲ್ವೆಯಲ್ಲಿ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು, ಅಚ್ಚ ತಮಿಳರು, ಒಂದು ಅಲ್ಪವಿರಾಮ ತಪ್ಪಿದರೂ ಕಾಗದ ಹರಿದು ಮತ್ತೆ ಬರೆಯುವವರು. ಅವರು ಕಾರ್ಪೊರೇಷನ್ನಿಗೆ ಅರ್ಜಿಯ ಮೇಲೆ ಅರ್ಜಿ ಬರೆದರು. ನಾವೆಲ್ಲ ಓದದೆ ಸಹಿ ಹಾಕಿದೆವು. ಒಂದಕ್ಕೆ ಉತ್ತರ ಬಂತು: ಪರಿಶೀಲನೆಯಲ್ಲಿದೆ. ನನ್ನ ಗಂಡನಿಗಂತೂ ಇದೆಲ್ಲ ತಮಾಷೆಯಾಗಿತ್ತು. ಅವರು ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಹದಿಮೂರನೇ ಮಹಡಿಯಲ್ಲಿ ಕೂತು ಕೆಲಸ ಮಾಡುವವರು. “ನಾನು ದಿನಾ ಅಷ್ಟೆತ್ತರದಲ್ಲೇ ಊಟ ಮಾಡ್ತೀನಿ. ಏನಾಗಿದೆ ನಂಗೆ?” ಎನ್ನುತ್ತಿದ್ದರು.

ಒಂದು ಭಾನುವಾರ ಸಂಜೆ ಕಾರ್ಯದರ್ಶಿ ತಾರಸಿಯ ಮೇಲೆ ಸಭೆ ಕರೆದರು. (ಅಲ್ಲಿ ತಮಿಳಿನಲ್ಲಿ ಆಡಿದ ಮಾತನ್ನೆಲ್ಲ ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.) ಹತ್ತು ಹನ್ನೆರಡು ಜನ ಬಂದಿದ್ದರು. ಅತ್ತೆಯೂ ನನ್ನ ಹಿಂದೆ ಬಂದು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ಕಾರ್ಯದರ್ಶಿ ಎಂಟನೆಯ ಅರ್ಜಿಯನ್ನು ಓದತೊಡಗಿದಾಗ ಅತ್ತೆ ನನ್ನ ಸೆರಗೆಳೆದು ಕೇಳಿದರು.

“ಅಲ್ಲ, ಹತ್ತೊಂಬತ್ತು ಅಂದ್ರೆ ಎಲ್ಲಿಗ್ ಬತ್ತದೆ? ಆ ತೆಂಗಿನಮರದ್ ಸುಳೀಗಾ, ಅದಕ್ಕೂ ಮೇಲ್ಕಾ?”

ನಾನು ಅದನ್ನು ತಮಿಳಿನಲ್ಲಿ ಕೇಳಿದೆ. ಸಭೆಯ ಸ್ವರೂಪವೇ ಬದಲಾಗಿಹೋಯಿತು. ಒಬ್ಬರು ಕೈಯೆತ್ತಿ, “ಅಲ್ಲಿಗೆ,” ಎಂದು ತೆಂಗಿನ ಮರದ ತಲೆಯ ಮೇಲೆ ತೋರಿಸಿದರು. ಇನ್ನೊಬ್ಬರು, ಅದು ಎಂಟೇ ಮಹಡಿ ಆಗುತ್ತದೆ, ಇನ್ನೂ ಮೇಲೆ ಎಂದರು. ಮೂರನೇ ಮಹಡಿಯ ಮಾಮಿ ನೆತ್ತಿಯ ಮೇಲೇ ತೋರಿಸಿದರು. ಕಾರ್ಯದರ್ಶಿ ಕನ್ನಡಕ ಬದಲಿಸಿ, ಒಂದು ಕಣ್ಣು ಮುಚ್ಚಿ, ಮೋಡವೊಂದರ ಅಂಚಿಗೆ ಪೆನ್ನು ಹಿಡಿದರು. ಆ ಮೋಡ ಮೆಲ್ಲಗೆ ಸರಿಯುತ್ತಿತ್ತು, ಪೆನ್ನೂ ಅದರ ಹಿಂದೆ ಸರಿಯುತ್ತಿತ್ತು. ಹನ್ನೆರಡು ಜನ ಹನ್ನೆರಡು ದಿಕ್ಕಿಗೆ ಆಕಾಶಕ್ಕೆ ಕೈ ಚಾಚಿ ಜಗಳವಾಡುತ್ತಿದ್ದರು. ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು, ಏನಾದರೂ ಬೀಳುತ್ತಿದೆಯೇನೋ ಎಂದು ಅವರೂ ಮೇಲೆ ನೋಡತೊಡಗಿದರು.

“ನೀವು ಗಣಿತದ ಟೀಚರ್ ಅಲ್ಲವೇನಮ್ಮ, ನೀವೇ ಹೇಳಿ,” ಎಂದು ಕಾರ್ಯದರ್ಶಿ ನನ್ನ ಕಡೆ ತಿರುಗಿದರು.

“ಸುಮಾರು ಅರವತ್ತು ಮೀಟರ್ ಸಾರ್.”

“ಅದು ನನಗೂ ಗೊತ್ತು. ಎಲ್ಲಿ, ತೋರಿಸಿ.”

ನನಗೂ ತೋರಿಸಲಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಗೋಪುರದ ಎತ್ತರ, ಕಂಬದ ಎತ್ತರ ಕಂಡುಹಿಡಿಯುವ ಲೆಕ್ಕ ಹೇಳಿಕೊಟ್ಟವಳು ನಾನು. ನಿಜವಾದ ಆಕಾಶದಲ್ಲಿ ಅರವತ್ತು ಮೀಟರ್ ಎಲ್ಲಿದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಅತ್ತೆ ಕಟ್ಟೆಯ ಮೇಲಿಂದಲೇ ಹೇಳಿದರು: “ಬಾವಿ ಎಷ್ಟು ಆಳ ಅಂತ ನೋಡಾಕೆ ಹಗ್ಗ ಕೆಳಕ್ ಬುಡ್ತೀವಲ್ಲ. ಇದಕ್ಕೆ ಮೇಲಕ್ ಬುಡಿ.”

ನಾನು ನಗುತ್ತಲೇ ಅದನ್ನು ತಮಿಳಿಗೆ ತಿರುಗಿಸಿದೆ. ಎಲ್ಲರೂ ನಕ್ಕರು. ಕಾರ್ಯದರ್ಶಿ ನಗಲಿಲ್ಲ. ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು, “ಗ್ಯಾಸ್ ಬಲೂನಿಗೆ ಕಟ್ಟಿದರೆ ಹಗ್ಗ ಮೇಲಕ್ಕೆ ಹೋಗುತ್ತದೆ,” ಅಂದರು.

ಮುಂದಿನ ವಾರವೆಲ್ಲ ನಮ್ಮ ಮನೆ ಹಗ್ಗದ ಕಾರ್ಖಾನೆಯಾಗಿತ್ತು. ತೆಳ್ಳಗಿನ ಟ್ವೈನ್ ದಾರದ ಉಂಡೆ ತಂದು, ಕಟ್ಟಡದ ಮುಂದೆ ಬೀದಿಯುದ್ದಕ್ಕೂ ಹಾಸಿ, ಟೇಪು ಹಿಡಿದು ಅಳೆದೆವು. ಮೂರು ಮೀಟರಿಗೆ ಒಂದು ಮಹಡಿ. ಒಂದೊಂದು ಮಹಡಿಗೆ ಒಂದೊಂದು ಬಟ್ಟೆ ತುಂಡು ಕಟ್ಟಬೇಕೆಂದು ಅತ್ತೆ ಹಟ ಹಿಡಿದರು. ತಮ್ಮ ಹಳೆಯ ಕುಪ್ಪಸಗಳನ್ನೇ ಕತ್ತರಿಸಿ, ಕಾರು ನಿಲ್ಲಿಸುವ ಅಂತಸ್ತೂ ಸೇರಿ ಇಪ್ಪತ್ತು ಬಣ್ಣದ ತುಂಡು ಕಟ್ಟಿದರು. ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ತಟ್ಟೆಯಿಂದ ತಲೆಯೆತ್ತಿ, “ಹದಿಮೂರನೇದು ಯಾವ ಬಣ್ಣ?” ಎಂದು ಕೇಳಿದರು. ಅಲ್ಲಿಗೆ ಅವರೂ ನಮ್ಮ ಕಡೆ ಸೇರಿದಂತಾಯಿತು.

ಬಲೂನಿಗೆ ಅತ್ತೆ ಮತ್ತು ನಾನು ಮರೀನಾ ಬೀಚಿಗೆ ಹೋದೆವು. ಗ್ಯಾಸ್ ಬಲೂನು ಮಾರುತ್ತಿದ್ದವಳು ನನ್ನಷ್ಟೇ ವಯಸ್ಸಿನ ಹೆಂಗಸು. ಮೂವತ್ತು ಬೇಕು ಎಂದೆ.

“ಹುಟ್ಟುಹಬ್ಬವಾ ಅಕ್ಕ?”

“ಇಲ್ಲ. ಒಂದು ಪ್ರತಿಭಟನೆಗೆ.”

“ಯಾವ ಪಾರ್ಟಿ? ಅದಕ್ಕೆ ತಕ್ಕ ಕಲರ್ ಹಾಕಿಕೊಡ್ತೀನಿ.”

“ಪಾರ್ಟಿ ಯಾವುದೂ ಇಲ್ಲ.”

“ಹಾಗಾದ್ರೆ ಎಲ್ಲ ಕಲರೂ ಮಿಕ್ಸ್,” ಎಂದು ಆಕೆ ಸಿಲಿಂಡರ್ ತಿರುಗಿಸಿದಳು.

ಮೂವತ್ತು ಬಲೂನು ಹಿಡಿದುಕೊಂಡ ಇಬ್ಬರು ಹೆಂಗಸರನ್ನು ಹತ್ತಿಸಿಕೊಳ್ಳಲು ಮೂರು ಆಟೋದವರು ಒಪ್ಪಲಿಲ್ಲ. ನಾಲ್ಕನೆಯವನು ಒಪ್ಪಿದ. ಅತ್ತೆ ಒಳಗೆ ಕೂತರು, ನಾನು ಬಲೂನುಗಳನ್ನು ಒಂದೊಂದಾಗಿ ಅವರ ಮೇಲೆ ತುರುಕಿ ಕೊನೆಗೆ ನಾನೂ ತೂರಿಕೊಂಡೆ. ನನಗೆ ಅತ್ತೆ ಕಾಣುತ್ತಿರಲಿಲ್ಲ, ಅತ್ತೆಗೆ ನಾನು ಕಾಣುತ್ತಿರಲಿಲ್ಲ. ಆಟೋ ತಿರುವಿನಲ್ಲಿ ಓಲಾಡಿದಾಗಲೆಲ್ಲ ಬಲೂನುಗಳು ಕೀಚ್ ಕೀಚ್ ಎನ್ನುತ್ತಿದ್ದವು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಬೈಕಿನವರು ನಮ್ಮ ಕಡೆ ಬಗ್ಗಿ ನೋಡಿದರು.

“ಪಾಟಿ, ಗಟ್ಟಿಯಾಗಿ ಹಿಡ್ಕೊಳ್ಳಿ,” ಎಂದು ಡ್ರೈವರ್ ತಮಿಳಿನಲ್ಲಿ ಅಜ್ಜಿಗೆ ಎಚ್ಚರಿಕೆ ಕೊಟ್ಟ. “ಆಟೋ ಮೇಲಕ್ಕೆ ಎದ್ದರೆ ಬ್ರೇಕು ಹಿಡಿಯೋದಿಲ್ಲ.”

“ಏನಂತೆ?” ಎಂದು ಬಲೂನುಗಳ ಆಚೆಯಿಂದ ಅತ್ತೆ ಕೇಳಿದರು. ನಾನು ಹೇಳಿದೆ. ಬಲೂನುಗಳ ರಾಶಿ ಅದುರತೊಡಗಿತು. ಅತ್ತೆ ನಗುತ್ತಿದ್ದರು. ಮೊದಲು ಸದ್ದಿಲ್ಲದೆ, ಆಮೇಲೆ ಉಸಿರುಗಟ್ಟುವಂತೆ. ಅವರ ನಗುವಿಗೆ ನನಗೂ ನಗು ಹತ್ತಿ, ಹಿಡಿತ ಸಡಿಲವಾಗಿ, ಒಂದು ಹಳದಿ ಬಲೂನು ತಪ್ಪಿಸಿಕೊಂಡು ಬಸ್ಸೊಂದರ ನೆತ್ತಿ ಸವರಿ ಹೋಗಿಬಿಟ್ಟಿತು. ಮನೆಯ ಮುಂದೆ ಇಳಿದಾಗ ಇಬ್ಬರ ಕಣ್ಣಲ್ಲೂ ನೀರು. ಏನೋ ಅನಾಹುತವಾಗಿದೆಯೆಂದು ನನ್ನ ಗಂಡ ಮೆಟ್ಟಿಲಿಳಿದು ಓಡಿಬಂದರು.

ಅಂದಿನ ಪ್ರಯತ್ನ ಪೂರ್ತಿ ಹಾಳಾಯಿತು. ಸಂಜೆ ನಾಲ್ಕೂವರೆ, ಸಮುದ್ರದ ಗಾಳಿ ಜೋರಾಗಿತ್ತು. ಕಾರ್ಯದರ್ಶಿ ತಾವು ಸರ್ವಿಸಿನಲ್ಲಿದ್ದಾಗಿನ ಹಸಿರು, ಕೆಂಪು ಬಾವುಟಗಳನ್ನು ಕಪಾಟಿನಿಂದ ತೆಗೆದು ತಂದಿದ್ದರು. ಹಸಿರು ಬೀಸಿದರೆ ದಾರ ಬಿಡಬೇಕು, ಕೆಂಪು ಬೀಸಿದರೆ ಹಿಡಿಯಬೇಕು. ಅವರು ಹಸಿರು ಬೀಸಿದರು, ನನ್ನ ಗಂಡ ದಾರ ಬಿಟ್ಟರು. ಬಲೂನುಗಳು ನೆಟ್ಟಗೆ ಮೇಲೇರುವ ಬದಲು ಓರೆಯಾಗಿ ನಮ್ಮ ಕಟ್ಟಡದ ಮೇಲೆ ಹಾದು, ಹಿಂದಿನ ಬೀದಿಯ ತೆಂಗಿನ ಮರದಲ್ಲಿ ಸಿಕ್ಕಿಕೊಂಡವು. ಕಾರ್ಯದರ್ಶಿ ಕೆಂಪು ಬಾವುಟ ಬೀಸುತ್ತಲೇ ಇದ್ದರು. ಮರದಲ್ಲಿ ಪಟಪಟ ಸದ್ದಾಯಿತು. ಹಿಂದಿನ ಬೀದಿಯವರು ದೀಪಾವಳಿ ಎಂದುಕೊಂಡು ಹೊರಗೆ ಬಂದರು. ಅವರಿಗೆ ವಿಷಯ ವಿವರಿಸಿದೆವು. ಅವರು ಉದ್ದನೆಯ ದೋಟಿಯಿಂದ ನಮ್ಮ ದಾರ ಬಿಡಿಸಿಕೊಟ್ಟು, ನಮ್ಮ ಅರ್ಜಿಗೆ ಸಹಿ ಹಾಕುತ್ತೇವೆ ಎಂದರು. ಕಾರ್ಯದರ್ಶಿಯ ಮುಖ ಅರಳಿತು. ಅಷ್ಟು ದಿನದಲ್ಲಿ ಅವರ ಅರ್ಜಿಗೆ ತಾವಾಗಿಯೇ ಸಹಿ ಹಾಕುತ್ತೇವೆಂದವರು ಅವರೇ ಮೊದಲು.

ನಾನು ಮತ್ತೆ ಮರೀನಾಗೆ ಹೋದೆ. ಬಲೂನಿನವಳು ನನ್ನ ಕಥೆ ಕೇಳಿ ತಲೆ ಚಚ್ಚಿಕೊಂಡಳು.

“ಸಂಜೆ ಯಾರಾದ್ರೂ ಬಿಡ್ತಾರಾ ಅಕ್ಕ? ಬೆಳಗ್ಗೆ ಆರಕ್ಕೆ ಬಿಡಬೇಕು. ಆಗ ಗಾಳಿ ಇನ್ನೂ ಎದ್ದಿರೋದಿಲ್ಲ. ಕೆಳಗಿನ ಗಾಳಿನೇ ಬೇರೆ, ಮೇಲಿನ ಗಾಳಿನೇ ಬೇರೆ. ನಾನು ಏಳನೇ ಮಹಡಿಯಲ್ಲಿರೋಳು, ನಂಗೊತ್ತು.”

ಮುಂದಿನ ಭಾನುವಾರ ತಾನೇ ಬರುತ್ತೇನೆ ಎಂದಳು. ಬೆಳಕು ಹರಿಯುತ್ತಿದ್ದಂತೆ ಸಿಲಿಂಡರನ್ನು ಆಟೋದಲ್ಲಿ ಹಾಕಿಕೊಂಡು ಬಂದೇಬಿಟ್ಟಳು. ಬೀದಿಯ ಜನ ಆಗಲೇ ಸೇರಿದ್ದರು. ಹಿಂದಿನ ಬೀದಿಯವರೂ ಬಂದಿದ್ದರು. ಮೂರನೇ ಮಹಡಿಯ ಮಾಮಿ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು, ನಮ್ಮತ್ತೆ ಬಾಣಲೆಗಟ್ಟಲೆ ಉಪ್ಪಿಟ್ಟು ಮಾಡಿದ್ದರು. ಬಲೂನಿನವಳು ಸಿಲಿಂಡರಿನ ನಲ್ಲಿ ತಿರುಗಿಸುತ್ತ ತಗಡಿನ ಬೇಲಿಯ ಮೇಲಿನ ಬೋರ್ಡು ನೋಡಿದಳು.

“ನಾವು ಮೊದಲು ಇಲ್ಲೇ, ಹತ್ತಿರದ ಕಾಲುವೆ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಿದ್ದೋರು. ಸರ್ಕಾರದೋರು ಎಬ್ಬಿಸಿ ಶೋಳಿಂಗನಲ್ಲೂರಿನ ಆಚೆ ಕಳಿಸಿದ್ರು. ಏಳನೇ ಮಹಡಿ. ಲಿಫ್ಟ್ ಇದೆ, ಅದಕ್ಕೆ ಮನಸ್ಸು ಬಂದ್ರೆ ಓಡ್ತದೆ.” ಬಲೂನಿನ ಬಾಯಿಗೆ ಗಂಟು ಹಾಕಿ ನನ್ನ ಕೈಗೆ ಕೊಟ್ಟಳು. “ಎತ್ತರ ನಿಮ್ಮ ಮನೆ ಮುಂದೆ ಬರ್ತದೆ ಅಂತ ನಿಮಗೆ ದಿಗಿಲು. ನಮ್ಮನ್ನ ಎತ್ತರಕ್ಕೇ ಹಾಕಿದ್ರು. ಆಗ ಯಾರೂ ಬಲೂನು ಬಿಡ್ಲಿಲ್ಲ.”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ನಗುತ್ತಲೇ ಹೇಳಿದಳು. ಅವಳೇನಂದಳು ಎಂದು ಅತ್ತೆ ಕೇಳಿದರು. ಹೇಳಿದಾಗ ಅವರು ಒಳಗೆ ಹೋಗಿ, ಉಪ್ಪಿಟ್ಟಿನ ಜೊತೆ ಉಪ್ಪಿನಕಾಯಿ ಹಾಕಿದ ತಟ್ಟೆ ತಂದು ಅವಳ ಕೈಗಿಟ್ಟು, ಅವಳು ತಿಂದು ಮುಗಿಸುವವರೆಗೆ ತಾವೇ ಬಲೂನುಗಳ ಗೊಂಚಲು ಹಿಡಿದು ನಿಂತರು.

ಆರೂಕಾಲಿಗೆ ಕಾರ್ಯದರ್ಶಿ ಹಸಿರು ಬಾವುಟ ಬೀಸಿದರು. ಈ ಸಲ ಗೊಂಚಲು ನೆಟ್ಟಗೆ ಎದ್ದಿತು. ಒಂದೊಂದೇ ಬಟ್ಟೆಯ ತುಂಡು ನನ್ನ ಗಂಡನ ಕೈಯಿಂದ ಜಾರಿ ಮೇಲೆ ಹೋಗುವಾಗ ಜನ ಒಟ್ಟಿಗೆ ಎಣಿಸತೊಡಗಿದರು. ಮೂರು, ನಾಲ್ಕು ಎನ್ನುವಷ್ಟರಲ್ಲಿ ಅದು ನಮ್ಮ ತಾರಸಿ ದಾಟಿತು. ಎಂಟಕ್ಕೆ ತೆಂಗಿನ ಮರ ಮುಗಿಯಿತು. ಆಮೇಲೆ ಹೋಲಿಸಲು ಬೀದಿಯಲ್ಲಿ ಏನೂ ಇರಲಿಲ್ಲ, ಬರೀ ಆಕಾಶ. ಹತ್ತು, ಹನ್ನೊಂದು, ಹನ್ನೆರಡು. ಎಣಿಸುವ ದನಿ ಸಣ್ಣದಾಗುತ್ತ ಬಂತು. ಹದಿನೈದರ ನಂತರ ಜನ ಎಣಿಸುವುದನ್ನು ನಿಲ್ಲಿಸಿ ಸುಮ್ಮನೆ ನೋಡಿದರು. ಕೊನೆಯ ತುಂಡೂ ಕೈಬಿಟ್ಟು ಹೋದಾಗ ಗೊಂಚಲು ಒಂದು ಬೊಗಸೆ ಹೂವಿನಷ್ಟಾಗಿತ್ತು. ಸೂರ್ಯನ ಬಿಸಿಲು ನಮ್ಮನ್ನು ಮುಟ್ಟುವ ಮೊದಲೇ ಅದನ್ನು ಮುಟ್ಟಿ ಎಲ್ಲ ಬಣ್ಣವೂ ಹೊತ್ತಿಕೊಂಡಿತು.

ದಾರ ಸ್ವಲ್ಪ ಬಾಗಿದ್ದರಿಂದ ನಿಜವಾದ ಎತ್ತರ ನೋಡುವ ಕೆಲಸ ನನ್ನದಾಗಿತ್ತು. ಅದಕ್ಕೆ ಸುಲಭದ ಉಪಾಯವಿದೆ. ಅರವತ್ತು ಮೀಟರ್ ದೂರ ನಿಂತು, ಶಾಲೆಯ ಜಾಮೆಟ್ರಿ ಪೆಟ್ಟಿಗೆಯ ನಲವತ್ತೈದು ಡಿಗ್ರಿಯ ಮೂಲೆಪಟ್ಟಿಯನ್ನು ಕಣ್ಣಿಗೆ ಹಿಡಿದರೆ, ಬಲೂನು ಅದರ ಅಂಚಿಗೆ ಸರಿಯಾಗಿ ಕೂರಬೇಕು. ಕೂತರೆ ಎತ್ತರವೂ ಅರವತ್ತು. ನಾನು ಬೀದಿಯ ಆ ತುದಿಯಲ್ಲಿ ನಿಂತು ಕೈಸನ್ನೆ ಮಾಡಿದೆ, ಕಾರ್ಯದರ್ಶಿ ಬಾವುಟ ಬೀಸಿದರು, ಗಂಡ ದಾರ ಸಡಿಲಿಸಿದರು. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ. ಬಲೂನು ಅಂಚಿಗೆ ಬಂತು. ಅದನ್ನು ಕಣ್ಣು ಕೀಳದೆ ನೋಡುತ್ತಿದ್ದ ನನಗೆ ಒಮ್ಮೆಲೇ ಬಲೂನು ನಿಂತಲ್ಲೇ ನಿಂತಿದೆ, ನಾನೇ ಬೀದಿಸಮೇತ ಕೆಳಗೆ ಕೆಳಗೆ ಹೋಗುತ್ತಿದ್ದೇನೆ ಅನ್ನಿಸಿತು. ತಲೆ ಗಿರ್ರೆಂದಿತು. ಇಸ್ತ್ರಿ ಗಾಡಿಯ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟೆ. ಆದರೂ ನಗುತ್ತಿದ್ದೆ. ಯಾಕೆ ನಗುತ್ತಿದ್ದೇನೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅಷ್ಟೆತ್ತರವನ್ನು ನಾವೇ ಅಲ್ಲಿ ನಿಲ್ಲಿಸಿದ್ದೆವು. ನಮಗೆ ಬೇಡವಾದ ಎತ್ತರವದು, ಆದರೂ ಬಹಳ ಚೆನ್ನಾಗಿತ್ತು.

ನಾನು ಎದ್ದು ಗುಂಪಿನ ಬಳಿ ಬರುವ ಹೊತ್ತಿಗೆ ಬೈಕಿನಲ್ಲಿ ಪೊಲೀಸಿನವರೊಬ್ಬರು ಬಂದರು. ಬಲೂನು ದೂರದಿಂದಲೇ ಕಂಡಿರಬೇಕು.

“ಯಾರು ಪರ್ಮಿಷನ್ ಕೊಟ್ಟದ್ದು?” ಎಂದು ತಮಿಳಿನಲ್ಲಿ ಕೇಳಿದರು.

ಕಾರ್ಯದರ್ಶಿ ಎಲ್ಲ ಅರ್ಜಿಗಳ ಫೈಲನ್ನೂ ಬಿಚ್ಚಿದರು. ಅದನ್ನು ನೋಡಿಯೇ ಆ ಪೊಲೀಸಿನವರು ಸುಸ್ತಾದಂತೆ ಕಂಡರು. ನನ್ನ ಪಕ್ಕದಲ್ಲಿದ್ದ ಅತ್ತೆ, “ಬಲೂನಿಗೂ ಲೈಸೆನ್ಸ್ ಕೇಳ್ತಾವ್ನಲ್ಲ ಈ ಹೈದ,” ಎಂದು ಗೊಣಗಿದರು.

ಪೊಲೀಸಿನವರು ಗಕ್ಕನೆ ತಿರುಗಿ ಕನ್ನಡದಲ್ಲೇ ಕೇಳಿದರು. “ಅವ್ವ, ಯಾವೂರು ನಿಮ್ದು?”

ಅತ್ತೆ ಗಾಬರಿಯಿಂದ ಊರ ಹೆಸರು ಹೇಳಿದರು.

“ನಮ್ದು ಗಡಿ ಈ ಕಡೆ ತಾಳವಾಡಿ ಕನವ್ವ. ನಿಮ್ಮೂರ್ಗೆ ನಮ್ಮ ದೊಡ್ಡವ್ವನ ಕೊಟ್ಟದೆ.”

ಆಮೇಲೆ ಐದು ನಿಮಿಷ ನಮ್ಮತ್ತೆ ಮತ್ತು ಆ ಪೊಲೀಸಿನವರು ಮೈಲಾಪೂರಿನ ನಡುಬೀದಿಯಲ್ಲಿ ನಿಂತು ಆ ದೊಡ್ಡವ್ವ ಯಾರು, ಅವರ ಮನೆ ಯಾವ ಕಡೆಗೆ, ಅವರ ಹೊಲಕ್ಕೆ ಹೋಗುವ ದಾರಿ ಯಾವುದು ಎಂದು ಮಾತಾಡಿದರು. ಸುತ್ತ ನಿಂತವರಿಗೆ ಒಂದಕ್ಷರ ತಿಳಿಯಲಿಲ್ಲ. ಕಾರ್ಯದರ್ಶಿ ಫೈಲು ಬಿಚ್ಚಿಕೊಂಡೇ ನಿಂತಿದ್ದರು. ಕೊನೆಗೆ ಪೊಲೀಸಿನವರು ತಮಿಳಿಗೆ ಮರಳಿ, “ಹತ್ತು ನಿಮಿಷ. ಅಷ್ಟರಲ್ಲಿ ಇಳಿಸಿಬಿಡಿ ಸಾರ್,” ಎಂದರು. ಹೊರಡುವ ಮೊದಲು ಕತ್ತೆತ್ತಿ ನೋಡಿ, “ಇದು ಎಷ್ಟನೇ ಮಹಡಿ?” ಎಂದು ಕೇಳಿದರು. ಬೀದಿಗೆ ಬೀದಿಯೇ ಹತ್ತೊಂಬತ್ತು ಎಂದಿತು. ಅವರು ಇನ್ನಷ್ಟು ಕತ್ತೆತ್ತಿದರು, ಟೋಪಿ ಹಿಂದಕ್ಕೆ ಬಿತ್ತು.

ಅಂದು ತೆಗೆದ ಫೋಟೋ ಮಧ್ಯಾಹ್ನದೊಳಗೆ ಊರೆಲ್ಲ ತಿರುಗಿ, ನನ್ನ ಶಾಲೆಯ ಸಹೋದ್ಯೋಗಿಯೊಬ್ಬರಿಂದ ನನ್ನ ಫೋನಿಗೇ ಬಂತು, ‘ಇದು ಯಾವ ಬೀದಿ ಗೊತ್ತಾ’ ಎಂಬ ಸಾಲಿನೊಂದಿಗೆ. ಕೆಳಗೆ ಗುಬ್ಬಚ್ಚಿಯಷ್ಟು ನಮ್ಮ ಕಟ್ಟಡ, ಅದರ ಪಕ್ಕದಲ್ಲಿ ಆಕಾಶಕ್ಕೆ ಎಳೆದ ಒಂದು ಗೆರೆ, ಗೆರೆಯ ತುದಿಯಲ್ಲಿ ಬಣ್ಣ. ಎರಡು ವಾರದಲ್ಲಿ ಕಂಪನಿಯವರೇ ನೆರೆಹೊರೆಯವರ ಸಭೆ ಕರೆದರು.

ಸಭೆ ನಡೆದದ್ದು ದೊಡ್ಡ ರಸ್ತೆಯ ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ಪ್ರತಿಯೊಬ್ಬರಿಗೂ ಒಂದು ಸಿಹಿಯ ಡಬ್ಬಿ ಕೊಟ್ಟರು. ಕಂಪನಿಯ ಮ್ಯಾನೇಜರು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಪ್ರತಿ ಚಿತ್ರದಲ್ಲೂ ಹುಲ್ಲು ಮೊದಲಿಗಿಂತ ಹಸಿರಾಗಿತ್ತು. ಕಾರ್ಯದರ್ಶಿ ನಮ್ಮ ಫೋಟೋವನ್ನು ದೊಡ್ಡದಾಗಿ ಮುದ್ರಿಸಿ ತಂದು ಮೇಜಿನ ಮೇಲಿಟ್ಟರು. ಮ್ಯಾನೇಜರು ಅದನ್ನು ನೋಡಿ, ಇಂಥ ಬಲೂನಿನ ಲೆಕ್ಕವನ್ನೆಲ್ಲ ನಂಬಲಾಗದು ಎಂದರು. ಆಗ ಎಲ್ಲರೂ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಬಿಳಿ ಹಲಗೆಯ ಮೇಲೆ ತ್ರಿಕೋನ ಬರೆದು, ಅರವತ್ತು, ನಲವತ್ತೈದು ಎಂದು ವಿವರಿಸಿದೆ. ತ್ರಿಕೋನ ನೆಟ್ಟಗೆ ಬಂತು.

ಮ್ಯಾನೇಜರ ಪಕ್ಕದಲ್ಲಿ ಕಂಪನಿಯ ಎಂಜಿನಿಯರ್ ಕೂತಿದ್ದರು. ತೆಳ್ಳಗಿನ, ಗಂಭೀರ ಮುಖದ ಮನುಷ್ಯ. ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ನನ್ನ ತ್ರಿಕೋನ ನೋಡುತ್ತಿದ್ದಂತೆ ಅವರಿಗೆ ತಡೆಯಲಾಗಲಿಲ್ಲ.

“ಮೇಡಂ, ಒಂದು ತಪ್ಪಿದೆ,” ಎಂದು ಎದ್ದರು. “ನೀವು ನಿಂತು ನೋಡಿದಿರಿ. ನಿಮ್ಮ ಕಣ್ಣು ನೆಲದಿಂದ ಒಂದೂವರೆ ಮೀಟರ್ ಮೇಲಿತ್ತು. ಅದನ್ನು ಕೂಡಿಸಿಲ್ಲ. ಬಲೂನು ಇದ್ದದ್ದು ಅರವತ್ತೊಂದೂವರೆಯಲ್ಲಿ.”

ಒಂಬತ್ತನೇ ತರಗತಿಯ ಮಕ್ಕಳು ಮಾಡುವ ತಪ್ಪು, ನಾನೇ ಎಷ್ಟೋ ಉತ್ತರಪತ್ರಿಕೆಗಳಲ್ಲಿ ಕೆಂಪು ಇಂಕಿನಲ್ಲಿ ಸುತ್ತುಹಾಕಿದ ತಪ್ಪು. ಮ್ಯಾನೇಜರು ಸಭೆಯ ಕಡೆ ತಿರುಗಿ ಮುಗುಳ್ನಕ್ಕರು. “ನೋಡಿ, ನಮ್ಮ ಕಟ್ಟಡ ಅದಕ್ಕಿಂತ ಕಡಿಮೆ.”

“ಇಲ್ಲ ಸಾರ್,” ಎಂದು ಎಂಜಿನಿಯರ್ ಮುಂದುವರಿಸಿದರು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಆಗಲೇ ಹಲಗೆಯ ಮೇಲೆ ಬರೆಯುತ್ತಿದ್ದರು. “ಮೇಡಂ ಇನ್ನೊಂದನ್ನೂ ಬಿಟ್ಟಿದ್ದಾರೆ. ಹತ್ತೊಂಬತ್ತರ ಮೇಲೆ ಲಿಫ್ಟಿನ ಕೋಣೆ ಬರುತ್ತೆ, ನೀರಿನ ಟ್ಯಾಂಕು ಬರುತ್ತೆ. ಅದು ಆರೂವರೆ ಮೀಟರ್. ಒಟ್ಟು ಅರವತ್ತಾರೂವರೆ. ಅಂದರೆ ಬಲೂನನ್ನು ಇನ್ನೂ ಐದು ಮೀಟರ್ ಮೇಲೆ ಬಿಡಬೇಕಿತ್ತು.” ಅಡಿಗೆರೆ ಎಳೆದು, ಸರಿಯಾಯಿತೇ ಎಂಬಂತೆ ನನ್ನನ್ನು ನೋಡಿದರು.

ನಾನು ತಲೆಯಾಡಿಸಿದೆ. ಲೆಕ್ಕ ಸರಿಯಾಗಿತ್ತು.

ಮೊದಲು ನಕ್ಕವರು ಮೂರನೇ ಮಹಡಿಯ ಮಾಮಿ. ಅವರ ಹಿಂದಿನ ಸಾಲು ನಕ್ಕಿತು. ನಗು ಊಟದ ಹಾಲಿನ ಉದ್ದಕ್ಕೂ ಹಬ್ಬಿತು. ಎಂಜಿನಿಯರಿಗೆ ತಾನೇನು ಮಾಡಿದೆನೆಂದು ಗೊತ್ತಾದದ್ದು ಮ್ಯಾನೇಜರ ಮುಖ ನೋಡಿದ ಮೇಲೆ. ಪೆನ್ನಿನ ಮುಚ್ಚಳ ಹುಡುಕುತ್ತ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ನನಗೆ ಅವರ ಮೇಲೆ ಪ್ರೀತಿಯೇ ಬಂತು. ಲೆಕ್ಕ ತಪ್ಪಾಗಿದ್ದರೆ ಸುಮ್ಮನಿರಲು ಬಾರದ ಮನುಷ್ಯ, ನನ್ನ ಜಾತಿಯವರು.

ಅಂದು ಏನೂ ತೀರ್ಮಾನವಾಗಲಿಲ್ಲ. ಆದರೆ ಎರಡು ಬೀದಿಯ ಸಹಿಯೊಂದಿಗೆ, ಹಲಗೆಯ ಮೇಲಿನ ಆ ಲೆಕ್ಕದ ಫೋಟೋದೊಂದಿಗೆ, ಕಾರ್ಯದರ್ಶಿ ಮತ್ತೊಂದು ಅರ್ಜಿ ಕಳಿಸಿದರು. ಮಳೆಗಾಲ ಕಳೆದ ಮೇಲೆ ಬೇಲಿಯ ಮೇಲೆ ಹೊಸ ಬೋರ್ಡು ಬಂತು. ಹದಿನಾಲ್ಕು ಮಹಡಿ. ಕಾರುಗಳ ಗೇಟು ದೊಡ್ಡ ರಸ್ತೆಗೆ; ನಮ್ಮ ಬೀದಿಗೆ ನಡೆದು ಹೋಗುವವರ ಸಣ್ಣ ಬಾಗಿಲು ಮಾತ್ರ. ಇದು ಬಲೂನಿನಿಂದ ಆದದ್ದೋ, ಅರ್ಜಿಯಿಂದಲೋ, ಅಥವಾ ಅಷ್ಟೆತ್ತರಕ್ಕೆ ಮನೆ ಕೊಳ್ಳುವವರು ಸಿಗದೆಯೋ, ನಮಗೆ ಇಂದಿಗೂ ಗೊತ್ತಿಲ್ಲ. ಐದು ಮಹಡಿ ಕಡಿಮೆಯಾದದ್ದು ಗೆಲುವು ಎಂದು ನಮ್ಮಲ್ಲಿ ಅರ್ಧ ಜನ ಪಾಯಸ ಮಾಡಿದರು. ಹದಿನಾಲ್ಕು ಬರುತ್ತಿರುವುದು ಸೋಲು ಎಂದು ಕಾರ್ಯದರ್ಶಿ ಪಾಯಸ ಮುಟ್ಟಲಿಲ್ಲ. ಗಾಳಿಗೆ ಹತ್ತೊಂಬತ್ತು ಮಹಡಿಯೂ ಒಂದೇ, ಹದಿನಾಲ್ಕೂ ಒಂದೇ ಎಂದರು. ಅವರು ಹೇಳಿದ್ದು ಸರಿ. ಈಗ ಎದುರಿಗೆ ಕಟ್ಟಡ ಎದ್ದಿದೆ, ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಕಿಟಕಿಯ ಪರದೆ ಅಲುಗುವುದಿಲ್ಲ.

ಹೋದ ತಿಂಗಳು ಕಂಪನಿಯವರು ಆರನೇ ಮಹಡಿಯಲ್ಲಿ ಮಾದರಿ ಮನೆಯೊಂದನ್ನು ಸಿದ್ಧಮಾಡಿ, ನೋಡಲು ಬನ್ನಿ ಎಂದು ಬೀದಿಯ ಎಲ್ಲರಿಗೂ ಕಾರ್ಡು ಕೊಟ್ಟರು. ಹೋಗಬಾರದು ಎಂದು ಕಾರ್ಯದರ್ಶಿ ಹೇಳಿದರು. ಹೋಗುವುದಿಲ್ಲ ಎಂದು ನಾವೆಲ್ಲ ಒಪ್ಪಿಕೊಂಡೆವು. ಶನಿವಾರ ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಮಡಿಸಿಟ್ಟ ರೇಷ್ಮೆ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

“ಸುಮ್ನೆ ನೋಡ್ಕ ಬರವ, ಬಾ. ಕೊಂಡ್ಕಂಬುಟ್ಟೀವಾ?”

ಮೆಟ್ಟಿಲ ಬಳಿ ಮೂರನೇ ಮಹಡಿಯ ಮಾಮಿ ಸಿಕ್ಕರು, ಅವರೂ ಒಳ್ಳೆಯ ಸೀರೆ ಉಟ್ಟಿದ್ದರು. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಸಣ್ಣ ಬಾಗಿಲಿನಿಂದ ಒಳಗೆ ಹೋದೆವು. ತಲೆಗೆ ಹಳದಿ ಹೆಲ್ಮೆಟ್ ಕೊಟ್ಟರು. ಸುತ್ತ ಜಾಲರಿ ಹಾಕಿದ ಕೆಲಸದ ಲಿಫ್ಟು ಗಡಗಡ ಎಂದು ಮೇಲೇರುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು, ಮಾಮಿ ಅತ್ತೆಯ ಕೈ ಹಿಡಿದುಕೊಂಡರು. ಕಾಲ ಕೆಳಗಿನ ಸಂದಿಯಲ್ಲಿ ಬೀದಿ ಸಣ್ಣಗಾಗುತ್ತಿತ್ತು. ಮೂವರಿಗೂ ನಗು ಬರುತ್ತಿತ್ತು, ಮೂವರೂ ತಡೆದುಕೊಂಡಿದ್ದೆವು.

ಮಾದರಿ ಮನೆಯ ಸೋಫಾ, ಪರದೆ ಯಾವುದನ್ನೂ ಅತ್ತೆ ನೋಡಲಿಲ್ಲ. ನೇರ ಹಿಂದಿನ ಬಾಲ್ಕನಿಗೆ ಹೋದರು. ಕಟ್ಟಡಗಳ ನಡುವೆ ಒಂದು ನೀಲಿ ಪಟ್ಟೆ ಕಂಡಿತು. ಸಮುದ್ರ. ಗಾಳಿ ಮುಖಕ್ಕೆ ರಪ್ಪೆಂದು ಹೊಡೆಯಿತು. ಎಷ್ಟೋ ತಿಂಗಳಿಂದ ನಮ್ಮ ಕಿಟಕಿಗೆ ಬಾರದೆ ನಿಂತ ಗಾಳಿ ಇಲ್ಲಿ ಬಂದು ನೆಲೆಸಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ನಿಂತರು.

ಆಮೇಲೆ ನಮ್ಮ ಬೀದಿಯ ಕಡೆಗಿದ್ದ ಬಾಲ್ಕನಿಗೆ ಬಂದೆವು. ಕೆಳಗೆ ನಮ್ಮ ತಾರಸಿ. ಅದು ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. ತಂತಿಯ ಮೇಲೆ ನಮ್ಮ ಮನೆಯ ಬೆಡ್‌ಶೀಟು, ಮಾಮಿಯ ಹಸಿರು ಸೀರೆ, ಮೂಲೆಯಲ್ಲಿ ಯಾರೋ ಒಣಹಾಕಿದ ಮೆಣಸಿನಕಾಯಿ. ಕಾರ್ಯದರ್ಶಿ ಬನಿಯನ್ನಿನಲ್ಲಿ ನಿಂತು ತಮ್ಮ ದಿಂಬುಗಳನ್ನು ಬಿಸಿಲಿಗೆ ಒಂದೊಂದಾಗಿ ಕಟ್ಟೆಯ ಮೇಲೆ ಜೋಡಿಸುತ್ತಿದ್ದರು, ಅಂಚಿಗೆ ಅಂಚು ಸರಿಯಾಗಿ ಕೂರುವಂತೆ. ಮಾಮಿ ಸರಕ್ಕನೆ ಕಂಬದ ಹಿಂದೆ ಸರಿದರು. ನಾನೂ ಸರಿದೆ.

ಅತ್ತೆ ಸರಿಯಲಿಲ್ಲ. ಹಳದಿ ಹೆಲ್ಮೆಟ್ಟಿನ ಕೆಳಗಿಂದ ಕಾರ್ಯದರ್ಶಿಯನ್ನು ನೋಡುತ್ತ, ಕೈಯೆತ್ತಿ ಬೀಸತೊಡಗಿದರು. ಕಾರ್ಯದರ್ಶಿ ತಲೆಯೆತ್ತಲಿಲ್ಲ. ಐದನೆಯ ದಿಂಬನ್ನು ಸರಿಯಾಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಮುಂದೆ ಹೋಗಿ ಅದನ್ನು ಒಂದಿಷ್ಟು ಎಡಕ್ಕೆ ಸರಿಸಿದರು.